ದಿನಾ ಬೆಳಿಗ್ಗೆ ಜೇಮ್ಸನನ್ನು ಕ್ಷಮಿಸುವುದು

ಕೆಮ್ಮಣ್ಣಿನ ಡೊಮಿನಿಕ್ ಕ್ವಾಡ್ರಸರು ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಪಕ್ಕದ ಮನೆಯ ಜೇಮ್ಸನನ್ನು ಕ್ಷಮಿಸುತ್ತಿದ್ದರು. ಜಗಲಿಯಲ್ಲಿ ನೀಲಿ ಪ್ಲಾಸ್ಟಿಕ್ ಕುರ್ಚಿ, ನೆಟ್ಟಗಿನ ಬೆನ್ನು, ಯಾರೋ ಏನೋ ಬಡಿಸಲಿದ್ದಾರೆ ಎಂಬಂತೆ ತೊಡೆಯ ಮೇಲೆ ಬಿಚ್ಚಿಟ್ಟ ಅಂಗೈಗಳು. ಎದುರಿಗೆ ಗೋಡೆ, ಗೋಡೆಯ ಆಚೆ ಜೇಮ್ಸ್. ಮೊದಲು ಮೂಗಿನ ಹೊಳ್ಳೆಗಳು ಅರಳುತ್ತಿದ್ದವು, ಆಮೇಲೆ ಹಣೆಯ ನರ ಎದ್ದು ನಿಲ್ಲುತ್ತಿತ್ತು, ಕೊನೆಗೆ ಒಳಗಿನಿಂದ ಒಂದು ಉದ್ದನೆಯ ಉಸಿರು ಕುಕ್ಕರಿನ ಸೀಟಿಯ ಹಾಗೆ ಹೊರಗೆ ಬರುತ್ತಿತ್ತು. ಆ ಸದ್ದು ಕೇಳಿದೊಡನೆ ಹೆಂಡತಿ ವೆರೊನಿಕಾ ತಿಂಡಿಯ ತಟ್ಟೆಯನ್ನು ಮೇಜಿಗೆ ತರುತ್ತಿದ್ದಳು. ಕ್ಷಮೆ ಮುಗಿಯಿತು, ಇನ್ನು ನೀರುದೋಸೆ.

ಡೊಮಿನಿಕರಿಗೆ ಬಹುವಚನ ಕೊಟ್ಟು ಬರೆಯುವುದು ಕ್ಷೇಮ. ಜೇಮ್ಸನಿಗೆ ಕೊಟ್ಟರೆ ಅವನು ಹಿಂದೆ ತಿರುಗಿ, ಯಾರು ಬಂದರು ಎಂದು ನೋಡುತ್ತಾನೆ. ಡೊಮಿನಿಕರು ಬಹರೈನಿನ ಏರ್‌ಕಂಡೀಷನ್ ಕಂಪೆನಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಅಲ್ಲಿ ಅವರು ಸೈಟಿಗೆ ಕಾಲಿಟ್ಟರೆ ಕುಳಿತವರು ಏಳುತ್ತಿದ್ದರಂತೆ. ಕೆಮ್ಮಣ್ಣಿನಲ್ಲಿ ಅವರು ಬಂದರೆ ಜಗಲಿಯ ಬೆಕ್ಕು ಕೂಡ ಮಗ್ಗುಲು ಬದಲಿಸುವುದಿಲ್ಲ. ಇಂಥ ಊರಿಗೆ ಬಂದು ಬಿದ್ದ ಮೇಲೆ ಮನುಷ್ಯನಿಗೆ ಉಳಿಯುವುದು ಎರಡೇ ದಾರಿ. ಒಂದು, ಸಿಕ್ಕಿದ ವೇದಿಕೆ ಹತ್ತುವುದು. ಇನ್ನೊಂದು, ಒಳಗಿನ ಶಾಂತಿ ಹುಡುಕುವುದು. ಡೊಮಿನಿಕರು ಈ ಅನುಕ್ರಮದಲ್ಲೇ ಎರಡನ್ನೂ ಹಿಡಿದರು.

ವೇದಿಕೆಯ ಕತೆ ಮೊದಲು. ನಮ್ಮ ಇಗರ್ಜಿಗೆ ಸೇರಿದ ಮನೆಗಳನ್ನು ವಾಡೆಗಳಾಗಿ ಹಂಚಿ, ಒಂದೊಂದು ವಾಡೆಗೆ ಒಬ್ಬ ಗುರ್ಕಾರನನ್ನು, ಅಂದರೆ ಮುಖಂಡನನ್ನು, ಇಟ್ಟಿದ್ದಾರೆ. ಜನವರಿಯಲ್ಲಿ ವಾಡೆಯ ದಿನ ಎಂದು ಒಂದು ಕೂಟ. ಹೆಂಗಸರಿಗೆ ಸಂಗೀತಕುರ್ಚಿ, ಗಂಡಸರಿಗೆ ಹಗ್ಗಜಗ್ಗಾಟ, ಎಲ್ಲರಿಗೂ ಹೌಸಿ, ಕೊನೆಗೆ ಹಂದಿಮಾಂಸದ ಸಾರು ಮತ್ತು ಇಡ್ಲಿಯಂಥ ಬಿಸಿ ಸಾನ್ನ. ಗುರ್ಕಾರ ಆಲ್ವಿನ್ ಪಾಪದ ಮನುಷ್ಯ. ಬಹರೈನಿನಿಂದ ಬಂದವರಿಗೆ ಒಂದು ಗೌರವ ಇರಲಿ ಎಂದು ಡೊಮಿನಿಕರಿಗೆ ವಂದನಾರ್ಪಣೆ ಕೊಟ್ಟ. ವಂದಿಸಿ ಕೆಳಗಿಳಿಯುವ ಕೆಲಸ ಎಂದು ಉಳಿದವರೆಲ್ಲ ತಿಳಿದಿದ್ದರು. ಡೊಮಿನಿಕರು ಗಲ್ಫಿನ ಬಿಸಿಲಿನಿಂದ ಶುರುಮಾಡಿ, ಶಿಸ್ತಿಗೆ ಬಂದು, ಇಂದಿನ ಯುವಜನರ ಮೇಲೆ ಒಂದು ಸುತ್ತು ಹಾಕಿ, ನಾಲ್ಕನೆಯ ಸಲ "ಕೊನೆಯದಾಗಿ" ಅಂದಾಗ ಮೈಕ್ ಸತ್ತಿತು. ಕ್ಷಣಮಾತ್ರವೂ ತಡೆಯದೆ ಜನ ಎದ್ದು ಊಟದ ಸಾಲಿಗೆ ಹೋದರು.

ಮೈಕ್‌ಸೆಟ್ ಜೇಮ್ಸನದು. ಮದುವೆಗೂ ಮರಣಕ್ಕೂ ಅವನದೇ ಪೆಟ್ಟಿಗೆಗಳು. "ಫ್ಯೂಸ್ ಹೋಯ್ತು," ಎಂದ.

ಫ್ಯೂಸ್ ಹೋಗಿರಲಿಲ್ಲ. ಜೇಮ್ಸ್ ಏನೂ ಮಾಡಿರಲೂ ಇಲ್ಲ. ಪ್ಲಗ್ ಕಿತ್ತವಳು ವೆರೊನಿಕಾ. ಸಾನ್ನದ ಪಾತ್ರೆಯ ಪಕ್ಕದಲ್ಲೇ ಸ್ವಿಚ್‌ಬೋರ್ಡ್ ಇತ್ತು. ಪಾತ್ರೆಯ ಮೇಲಿನ ಹಬೆ ಆರುತ್ತ ಬಂದಿತ್ತು, ಎದುರಿನ ಸಾಲಿನ ಮುದುಕಿಯರ ಮುಖವೂ ಆರುತ್ತ ಬಂದಿತ್ತು. ಅವಳ ಕೈ ಹಾಗೇ ಹೋಯಿತು. ಅದನ್ನು ಕಂಡವನು ಜೇಮ್ಸ್ ಒಬ್ಬನೇ. ಅವನು ಅವಳ ಮುಖ ನೋಡಿದ, ಅವಳು ಅವನ ಮುಖ ನೋಡಿದಳು, ಅವನು ಫ್ಯೂಸ್ ಎಂದ.

ಡೊಮಿನಿಕರು ನಂಬಲಿಲ್ಲ. ವಾರದೊಳಗೆ ಯಮನೂರನನ್ನು ಕರೆಸಿದರು. ಯಮನೂರ ಬಾಗಲಕೋಟೆ ಕಡೆಯ ಗಾರೆಯವನು, ನಮ್ಮ ಕಡೆಯ ಅರ್ಧಕ್ಕರ್ಧ ಗೋಡೆಗಳು ಅವನ ಕೈಯವು. ಡೊಮಿನಿಕರ ಅಂಗಳಕ್ಕೂ ಜೇಮ್ಸನ ಅಂಗಳಕ್ಕೂ ನಡುವಿನ ಗೋಡೆಯಲ್ಲಿ ಒಬ್ಬರು ಹಾಯುವಷ್ಟು ಕಂಡಿ ಇತ್ತು. ಅದನ್ನು ಕೆಂಪುಕಲ್ಲಿನಿಂದ ಮುಚ್ಚಿ, ಇಡೀ ಗೋಡೆಯನ್ನು ಆಳೆತ್ತರ ಏರಿಸಿದ್ದಾಯಿತು.

ಡೊಮಿನಿಕರ ಪಾಲಿಗೆ ಅದು ಗೋಡೆ. ವೆರೊನಿಕಾಳ ಪಾಲಿಗೆ ಅದು ಮಧ್ಯಾಹ್ನ. ಊಟದ ಪಾತ್ರೆ ತೊಳೆದಾದ ಮೇಲೆ ಆ ಕಂಡಿಯಲ್ಲಿ ಹಾದು ಜೇಮ್ಸನ ಹೆಂಡತಿ ಲೊರ್ನಾಳ ಅಡುಗೆಮನೆಯ ಮೆಟ್ಟಿಲಲ್ಲಿ ಕುಳಿತರೆ ಚಹಾದ ಹೊತ್ತಿನವರೆಗೆ ಅವಳು ಯಾರ ಹೆಂಡತಿಯೂ ಅಲ್ಲ. ಬಿಂಬುಳಿ ಹೆಚ್ಚುತ್ತ, ಸಿಗಡಿ ಸುಲಿಯುತ್ತ ಇಬ್ಬರೂ ಮಾತಾಡಿದ್ದು ಆ ಮೆಟ್ಟಿಲು ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಡೊಮಿನಿಕರು ಗಲ್ಫಿನಲ್ಲಿದ್ದ ಅಷ್ಟೂ ವರ್ಷ ಅವಳನ್ನು ನಿಲ್ಲಿಸಿದ್ದು ಆ ಮೆಟ್ಟಿಲು. ಈಗ ಹೋಗಬೇಕಾದರೆ ಗೇಟು ದಾಟಿ, ಓಣಿ ಸುತ್ತಿ, ಎಲ್ಲರ ಜಗಲಿಯ ಮುಂದೆ ಹಾದು ಹೋಗಬೇಕು. ಡೊಮಿನಿಕರು ಬೇಡ ಅನ್ನಲಿಲ್ಲ. "ಹೋಗು. ನಾನು ಎಂತ ಹೇಳುವುದು? ನಿನ್ನಿಷ್ಟ," ಎಂದರು. ಈ ಮಾತಿನ ಅರ್ಥ ಮದುವೆಯಾದವರಿಗೆಲ್ಲ ಗೊತ್ತು. ವೆರೊನಿಕಾ ಹೋಗಲಿಲ್ಲ.

ಸತ್ಯ ಹೇಳಿದರೆ ಕಂಡಿ ತೆರೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಸಾರಿಗೆ ಉಪ್ಪು ಹೆಚ್ಚಾದರೇ ವಾರವಿಡೀ ಮುಖ ಊದಿಸುವ ಗಂಡನಿಗೆ ಇದನ್ನು ಹೇಳುವುದಕ್ಕೆ ಒಂದು ಗಳಿಗೆ ಬೇಕಿತ್ತು. ಆ ಗಳಿಗೆ ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಮಗಳು ಶಾರ್ಲೆಟ್ ಅಪ್ಪನ ಹುಟ್ಟುಹಬ್ಬಕ್ಕೆ ಮಣಿಪಾಲದಲ್ಲಿ ಒಂದು ಶಿಬಿರದ ಟಿಕೆಟ್ ಕೊಟ್ಟಳು. ಶಿಬಿರದ ಹೆಸರು ‘ನಿಮ್ಮೊಳಗಿನ ನೀವು’. ನಡೆಸುವವರು ಶೈಲಶ್ರೀ ಎಂಬ ಮೆಲುದನಿಯ ಹೆಂಗಸು.

ಡೊಮಿನಿಕರು ಶನಿವಾರ ಹೋದರು, ಆದಿತ್ಯವಾರ ಸಂಜೆ ಬೇರೆ ಮನುಷ್ಯರಾಗಿ ಬಂದರು. ಬೇರೆ ಅಂದರೆ, ಮೊದಲು ಗಟ್ಟಿಯಾಗಿ ಹೇಳುತ್ತಿದ್ದುದನ್ನು ಈಗ ಮೆಲ್ಲಗೆ ಹೇಳತೊಡಗಿದರು.

"ದಿನಕ್ಕೆ ಒಮ್ಮೆಯಾದರೂ ನಮ್ಮೊಳಗೆ ನಾವು ಇಳಿಯಬೇಕು ವೆರೊನಿಕಾ. ನಮ್ಮನ್ನು ನೋಯಿಸಿದವರನ್ನು ಕ್ಷಮಿಸಬೇಕು."

"ಹಾಗಾದರೆ ಜೇಮ್ಸನ ಹತ್ತಿರ ಮಾತಾಡ್ತೀರಾ?"

"ಮಾತು ಯಾಕೆ? ಕ್ಷಮಿಸುವುದು ಮನಸ್ಸಿನಲ್ಲಿ. ಶೈಲಶ್ರೀ ಮೇಡಂ ಹೇಳಿದ್ದಾರೆ, ಎದುರಿನವನಿಗೆ ಗೊತ್ತಾಗಬೇಕೆಂದೇ ಇಲ್ಲ. ನನ್ನ ಶಾಂತಿ ನನ್ನದು."

"ಮತ್ತೆ ಆ ಗೋಡೆ?"

"ಗೋಡೆ ಹೊರಗಿನದ್ದು ಮಾರಾಯ್ತಿ. ನಾನು ಒಳಗಿನದ್ದು ಹೇಳ್ತಾ ಇದ್ದೇನೆ."

ಒಳಗೆ ಇಳಿಯುವುದಕ್ಕೆ ಜಾಗ ಬೇಕಲ್ಲ. ಮೊದಲು ನಮ್ಮ ತೂಗುಸೇತುವೆಗೆ ಹೋಗಿ ನಡುವೆ ಕುಳಿತರು. ರೀಲ್ಸ್ ಮಾಡುವವರು ಬಂದು ಸೇತುವೆಯನ್ನು ಕುಲುಕಿದಾಗ ಆತ್ಮಾವಲೋಕನ ಹೊಟ್ಟೆಗೆ ಬಂತು. ಕಾರು ತೆಗೆದುಕೊಂಡು ಕಾಪುವಿಗೆ ಹೋಗಿ ದೀಪಸ್ತಂಭದ ಬಂಡೆಯ ಮೇಲೆ ಕುಳಿತರು. ಮದುವೆಗೆ ಮುಂಚಿನ ಫೋಟೊ ತೆಗೆಸುವ ಜೋಡಿಯೊಂದು, "ಅಂಕಲ್, ಸ್ವಲ್ಪ ಆಚೆ ಹೋಗ್ತೀರಾ, ಫ್ರೇಮಿನಲ್ಲಿ ಬರ್ತೀರಿ," ಎಂದಿತು. ಕಾರ್ಕಳದ ಬೆಟ್ಟ ಹತ್ತಹೊರಟು ಅರ್ಧಕ್ಕೆ ಮಂಡಿ ಹಿಡಿದುಕೊಂಡು ಇಳಿದರು. ಕೊನೆಗೆ ಒಳಗಿನ ದಾರಿ ಎಲ್ಲಿಂದಲಾದರೂ ಶುರುವಾಗುತ್ತದೆ ಎಂದು ಕಂಡುಕೊಂಡು ಜಗಲಿಯ ನೀಲಿ ಕುರ್ಚಿಗೆ ಬಂದರು. ದೃಷ್ಟಿಯನ್ನು ಒಂದು ಕಡೆ ನಿಲ್ಲಿಸಬೇಕೆಂದು ಮೇಡಂ ಹೇಳಿದ್ದರು. ಅವರು ಗೋಡೆಯ ಮೇಲೆ, ಕಂಡಿ ಇದ್ದ ಜಾಗದಲ್ಲೇ ನಿಲ್ಲಿಸಿದರು.

ಮೀನಿನ ಬುಟ್ಟಿ ಹೊತ್ತು ಬರುವ ಎರ್ಮಾಳಿನ ಸುಗಂಧಿಗೂ ಉಪದೇಶ ಆಯಿತು. "ಹಿಡಿದದ್ದನ್ನು ಬಿಡಲಿಕ್ಕೆ ಕಲಿಯಬೇಕು ಸುಗಂಧಿ."

"ಬಿಡ್ಲಿಕ್ಕೇ ಬಂದದ್ದು ಬಾಬ್. ಬಂಗುಡೆ ಬೇಕಾ, ಬೂತಾಯಿ ಬೇಕಾ ಹೇಳಿ," ಎಂದಳು ಸುಗಂಧಿ.

ವೆರೊನಿಕಾ ಮಾತ್ರ ಸಿಕ್ಕಿಹಾಕಿಕೊಂಡಳು. "ನಿಮ್ಮ ಹತ್ತಿರ ಒಂದು ಮಾತು ಹೇಳ್ಲಿಕ್ಕುಂಟು," ಎಂದು ಬಂದಾಗೆಲ್ಲ ಡೊಮಿನಿಕರು ಕಣ್ಣು ತೆರೆಯದೆ ಅಂಗೈ ಎತ್ತುತ್ತಿದ್ದರು. "ಈಗ ಅಲ್ಲ. ನಾನು ಒಳಗೆ ನೋಡ್ತಾ ಇದ್ದೇನೆ." ಗಂಡ ತನ್ನೊಳಗೆ ನೋಡುತ್ತ ಕುಳಿತಾಗ ಹೆಂಡತಿ ಮೀನು ತೊಳೆಯುತ್ತ ತನ್ನೊಳಗೆ ನೋಡಿಕೊಳ್ಳುತ್ತಿದ್ದಳು. ಅದಕ್ಕೆ ಕುರ್ಚಿ ಬೇಕಾಗಿರಲಿಲ್ಲ, ಟಿಕೆಟ್ಟೂ ಇರಲಿಲ್ಲ. ಅಲ್ಲಿ ಕಂಡದ್ದು ಚಂದದ್ದೂ ಆಗಿರಲಿಲ್ಲ. ತನ್ನ ಕೈಯ ಕೆಲಸಕ್ಕೆ ಜೇಮ್ಸ್ ಅಪವಾದ ಹೊತ್ತಿದ್ದಾನೆ, ಲೊರ್ನಾ ಏನೂ ತಪ್ಪಿಲ್ಲದೆ ಗೆಳತಿಯನ್ನು ಕಳೆದುಕೊಂಡಿದ್ದಾಳೆ. ಬೆಳಿಗ್ಗೆ ಜಗಲಿಯಿಂದ ಆ ಕುಕ್ಕರಿನ ಉಸಿರು ಬಂದಾಗೆಲ್ಲ ಅವಳ ಕೈ ಒಮ್ಮೆ ತಡೆಯುತ್ತಿತ್ತು.

ಹೀಗೆ ಅಕ್ಟೋಬರ್ ಬಂತು. ಅಕ್ಟೋಬರ್ ಮೇರಿ ಮಾತೆಯ ಜಪಸರದ ತಿಂಗಳು. ಮಾತೆಯ ಪ್ರತಿಮೆ ವಾಡೆಯಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ಸಂಜೆ ಎಲ್ಲರೂ ಪ್ರತಿಮೆ ಇರುವ ಮನೆಯಲ್ಲಿ ಸೇರಿ ಜಪಸರ ಹೇಳಿ, ಹಾಡುತ್ತ ಅದನ್ನು ಮುಂದಿನ ಮನೆಗೆ ಒಯ್ಯುತ್ತಾರೆ. ಈ ಮನೆಯ ಯಜಮಾನ ಎತ್ತಿಕೊಂಡು ಹೋಗಿ ಆ ಮನೆಯ ಯಜಮಾನನ ಕೈಗೇ ಕೊಡಬೇಕು. ಆಮೇಲೆ ಆ ಮನೆಯವರು ಬೇಯಿಸಿದ ಕಡಲೆ, ಬಾಳೆಹಣ್ಣು, ಚಹಾ ಕೊಡುತ್ತಾರೆ. ಡೊಮಿನಿಕರ ಮನೆಯಿಂದ ಪ್ರತಿಮೆ ಹೋಗಬೇಕಾದದ್ದು ಜೇಮ್ಸನ ಮನೆಗೆ. ಹಿಂದೆಲ್ಲ ಆ ಕಂಡಿಯಲ್ಲೇ ಹಾದುಹೋಗುತ್ತಿತ್ತು.

ಪ್ರತಿಮೆ ಡೊಮಿನಿಕರ ಮನೆಗೆ ಬಂತು. ಮರುದಿನ ಸಂಜೆ ಜಪಸರ ಮುಗಿಯಿತು. ಆಲ್ವಿನ್ ಮೇಣದಬತ್ತಿ ಹಿಡಿದು ಎದ್ದುನಿಂತ. "ಹೊರಡುವನಾ?"

ಡೊಮಿನಿಕರು ಕಣ್ಣು ಮುಚ್ಚಿದ್ದರು. "ನನಗೆ ಒಳಗಿನಿಂದ ಇನ್ನೂ ಅಪ್ಪಣೆ ಬಂದಿಲ್ಲ ಆಲ್ವಿನ್."

"ಯಾರ ಅಪ್ಪಣೆ?"

"ನನ್ನ."

ಬಹರೈನಿನವರ ಎದುರು ಏನು ಹೇಳುವುದು ಎಂದು ಆಲ್ವಿನ್ ಕುಳಿತುಬಿಟ್ಟ. ಗೋಡೆಯ ಆಚೆ ಲೊರ್ನಾ ಬೇಯಿಸಿಟ್ಟ ಕಡಲೆ ಹಾಗೇ ಉಳಿಯಿತು. ಈಚೆ ಕುಳಿತವರನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲವಲ್ಲ, ವೆರೊನಿಕಾ ಓಡಿ ಚಹಾಕ್ಕೆ ಇಟ್ಟಳು. ಚಹಾ ಕುದಿಯುವವರೆಗೆ ಜನ ಸುಮ್ಮನೆ ಕುಳಿತಿರಬಾರದು ಎಂದು ಡೊಮಿನಿಕರು ಆತ್ಮಾವಲೋಕನದ ಬಗ್ಗೆ ನಾಲ್ಕು ಮಾತು ಆಡಿದರು.

ಇಲ್ಲಿಯೇ ಅವರಿಗೆ ರುಚಿ ಹತ್ತಿದ್ದು. ಎದುರಿಗೆ ಇಡೀ ವಾಡೆ ಕುಳಿತಿದೆ. ಮಾತೆ ಇರುವಲ್ಲಿಂದ ನಡುವೆ ಎದ್ದು ಹೋಗುವವರಿಲ್ಲ. ಮೈಕ್ ಇಲ್ಲ, ಆದ್ದರಿಂದ ಪ್ಲಗ್ಗೂ ಇಲ್ಲ. ಮರುದಿನ ಮಳೆಯ ಮೋಡ ಉಂಟು ಎಂದು ಪ್ರತಿಮೆಯನ್ನು ಉಳಿಸಿಕೊಂಡರು. ಮಾತು ಹಿಂದಿನ ದಿನಕ್ಕಿಂತ ಉದ್ದವಾಯಿತು. ಅದರ ಮರುದಿನ ಮೋಡವೂ ಇರಲಿಲ್ಲ, "ಒಂದು ಹಂತಕ್ಕೆ ತಲುಪಿದ್ದೇವೆ, ನಡುವೆ ಬಿಡುವುದು ಬೇಡ," ಎಂದರು. ವಾಡೆಯ ಜನ ಗೊಣಗತೊಡಗಿದರು. ಸರದಿ ಕಾದಿದ್ದ ಮನೆಗಳಲ್ಲಿ ತಂದಿಟ್ಟ ಬಾಳೆಗೊನೆ ಕಪ್ಪಾಗತೊಡಗಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅದು ನಮ್ಮ ಊರಿನ ಸಭ್ಯತೆ. ಆಲ್ವಿನನಿಗೆ ಮಾತ್ರ ಫೋನಿನ ಮೇಲೆ ಫೋನು.

ನಾಲ್ಕನೆಯ ದಿನ ಮಧ್ಯಾಹ್ನ ವೆರೊನಿಕಾಳಿಗೂ ಒಂದು ಫೋನ್ ಬಂತು. ಜನವರಿಯ ನಂತರ ಮೊದಲ ಸಲ, ಲೊರ್ನಾ.

"ಕಡಲೆ ಮತ್ತೆ ನೆನೆಸಿದ್ದೇನೆ. ಇವತ್ತಾದರೂ ಬರ್ತದಾ?"

"ಗೊತ್ತಿಲ್ಲ ಲೊರ್ನಾ."

"ಬಾರದಿದ್ದರೆ ನೀನಾದರೂ ಬಾ. ನಿನ್ನೆಯ ಕಡಲೆಯದ್ದು ವಡೆ ಮಾಡಿದೆ. ಒಬ್ಬಳೇ ಕುಳಿತು ಎಷ್ಟು ತಿನ್ನುವುದು?"

ಫೋನ್ ಇಟ್ಟಮೇಲೆ ವೆರೊನಿಕಾ ತುಂಬ ಹೊತ್ತು ಈರುಳ್ಳಿ ಹೆಚ್ಚಿದಳು. ಆ ದಿನ ಈರುಳ್ಳಿಯ ಅಡುಗೆ ಇರಲಿಲ್ಲ.

ಸಂಜೆ ಜಪಸರ ಮುಗಿದೊಡನೆ ಡೊಮಿನಿಕರು ಪ್ರತಿಮೆಯ ಪಕ್ಕ ನೀಲಿ ಕುರ್ಚಿ ಹಾಕಿ ಕುಳಿತರು. "ಇವತ್ತು ಒಂದು ಅಭ್ಯಾಸ ಮಾಡುವ," ಎಂದರು. "ಎಲ್ಲರೂ ಕಣ್ಣು ಮುಚ್ಚಿ. ನಿಮ್ಮ ಮನಸ್ಸಿಗೆ ಭಾರ ಆದವರನ್ನು ಎದುರಿಗೆ ತಂದುಕೊಳ್ಳಿ. ಈಗ ಏಳಿ. ಅವರ ಕಡೆಗೆ ನಡೆಯಿರಿ. ಮನಸ್ಸಿನಲ್ಲಿ."

ಕೊನೆಯ ಪದ ಬರುವಷ್ಟರಲ್ಲಿ ವೆರೊನಿಕಾ ಎದ್ದಾಗಿತ್ತು.

ಅವಳು ಪ್ರತಿಮೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಆನಿಸಿಕೊಂಡು ಮೆಟ್ಟಿಲಿಳಿದಳು. ಅರ್ಧ ಕಣ್ಣು ಮುಚ್ಚಿದ್ದ ಆಲ್ವಿನ್ ಅದನ್ನು ಕಂಡು, ಬಾಯಿ ತೆರೆದು, ಮುಚ್ಚಿ, ಮೇಣದಬತ್ತಿ ಎತ್ತಿಕೊಂಡ. ಉಳಿದವರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದುಕೊಂಡರು. ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಮುದುಕಿಯರಿಗೆ ತೋಳು ಕೊಟ್ಟು, ಇಡೀ ವಾಡೆ ಸದ್ದಿಲ್ಲದೆ ಗೇಟು ದಾಟಿತು.

"ಒಂದೊಂದೇ ಹೆಜ್ಜೆ," ಎನ್ನುತ್ತಿದ್ದರು ಡೊಮಿನಿಕರು. "ಅವಸರ ಬೇಡ. ನೋಡಿ, ಎಷ್ಟು ಶಾಂತಿ ಉಂಟು ಈಗ ಇಲ್ಲಿ."

ನಿಜಕ್ಕೂ ಶಾಂತಿ ಇತ್ತು. ಅವರು ಶಾಂತಿಯ ಬಗ್ಗೆ ಇನ್ನೂ ಸಾಕಷ್ಟು ಹೇಳಿದರು. ಆಮೇಲೆ ಗೋಡೆಯ ಆಚೆಯಿಂದ ಸ್ಪೀಕರಿನಲ್ಲಿ ಮಾತೆಯ ಹಾಡು ಕೇಳಿಸಿತು. ಡೊಮಿನಿಕರು ಕಣ್ಣು ತೆರೆದರು. ಖಾಲಿ ಕುರ್ಚಿಗಳು, ಖಾಲಿ ಮೇಜು. ಮೇಜಿನ ಕೆಳಗೆ ಬೆಕ್ಕು, ಅದೊಂದೇ ಕಣ್ಣು ಮುಚ್ಚಿತ್ತು.

ನೀಲಿ ಕುರ್ಚಿಯನ್ನು ಗೋಡೆಯ ಬುಡಕ್ಕೆ ಎಳೆದು, ಹತ್ತಿ, ಆಚೆ ನೋಡಿದರು. ಜೇಮ್ಸನ ಅಂಗಳದಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು. ಬಾಗಿಲಲ್ಲಿ ಜೇಮ್ಸ್ ಬಿಳಿ ಬಟ್ಟೆ ಹಾಸಿದ ಕೈಗಳನ್ನು ಮುಂದೆ ಚಾಚಿದ್ದ. ಎದುರಿಗೆ ಪ್ರತಿಮೆ ಹಿಡಿದು ವೆರೊನಿಕಾ. ಇಬ್ಬರ ನಡುವೆ, ಪ್ರಾರ್ಥನೆಗೆಂದು ಜೇಮ್ಸ್ ನಿಲ್ಲಿಸಿದ್ದ ಮೈಕ್.

"ಕೊಡಿ ವೆರೊನಿಕಾ ಬಾಯಿ," ಎಂದ ಆಲ್ವಿನ್.

"ನಿಲ್ಲು ಆಲ್ವಿನ್. ನನಗೊಂದು ಮಾತು ಹೇಳ್ಲಿಕ್ಕುಂಟು." ಅವಳ ಸ್ವರ ಸ್ಪೀಕರಿನಿಂದ ಹೊರಟು ಹೊಳೆಯ ಆಚೆ ದಡದವರೆಗೆ ಹೋಯಿತು. ಅವಳು ಬೆಚ್ಚಿದಳು, ಆದರೆ ನಿಲ್ಲಿಸಲಿಲ್ಲ. "ವಾಡೆಯ ದಿನ ಮೈಕ್ ಹೋದದ್ದು ಜೇಮ್ಸನಿಂದ ಅಲ್ಲ. ಪ್ಲಗ್ ಕಿತ್ತದ್ದು ನಾನು. ಸಾನ್ನ ತಣ್ಣಗಾಗ್ತಾ ಇತ್ತು."

ಅಂದು ಎದುರಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಶಿಲುಬೆಯ ಗುರುತು ಮಾಡಿ, "ದೇವರು ನಿನಗೆ ಒಳ್ಳೆಯದು ಮಾಡಲಿ ಮಗಾ," ಎಂದಳು.

"ವೆರೊನಿಕಾ, ನೀನಾ?" ಎಂದಿತು ಗೋಡೆ. ಎಲ್ಲರೂ ತಿರುಗಿ ನೋಡಿದರು. ಗೋಡೆಯ ಮೇಲೆ ಡೊಮಿನಿಕರ ತಲೆ ಇತ್ತು.

"ನಾನೇ. ಹೇಳ್ಲಿಕ್ಕೆ ಬಂದಾಗೆಲ್ಲ ನೀವು ಒಳಗೆ ನೋಡ್ತಾ ಇದ್ರಿ."

"ಹಾಗಾದರೆ ನಾನು ಇಷ್ಟು ದಿನ ಕ್ಷಮಿಸಿದ್ದು?"

"ಯಾರನ್ನು?" ಎಂದ ಜೇಮ್ಸ್.

"ನಿನ್ನನ್ನು."

"ನನ್ನನ್ನಾ? ಯಾವಾಗ?"

"ದಿನಾ ಬೆಳಿಗ್ಗೆ. ಚಹಾ ಆದಮೇಲೆ."

ಜೇಮ್ಸ್ ಸ್ವಲ್ಪ ಯೋಚಿಸಿದ. "ಆ ಬುಸ್ ಅಂತ ಸದ್ದು ಬರ್ತದಲ್ಲ, ಅದಾ? ನಾವು ನಿಮಗೆ ದಮ್ಮು ಅಂತ ಎಣಿಸಿದ್ದು. ಲೊರ್ನಾ ನಿಮ್ಮ ಆರೋಗ್ಯಕ್ಕೆ ಇಗರ್ಜಿಯಲ್ಲಿ ಒಂದು ಪೂಜೆ ಸಹ ಹೇಳಿಸಿದ್ದಾಳೆ."

ತಲೆ ಗೋಡೆಯಿಂದ ಇಳಿಯಿತು. ಆಚೆ ಕುರ್ಚಿ ಮಗುಚಿದ ಸದ್ದಾಯಿತು.

ಜೇಮ್ಸ್ ಕೈ ಚಾಚಿಯೇ ನಿಂತಿದ್ದ. ವೆರೊನಿಕಾ ಕೊಡಲಿಲ್ಲ. "ಅವರು ಬರಲಿ," ಎಂದಳು. ಪ್ರತಿಮೆ ಹಗುರದ್ದಲ್ಲ. ಲೊರ್ನಾ ಬಂದು ಅಡಿಗೆ ತನ್ನ ಕೈ ಕೊಟ್ಟಳು. ಡೊಮಿನಿಕರು ಬಾರದಿದ್ದರೆ ಈ ಕೈ ಇವತ್ತಿಗೆ ಮಾತ್ರ, ನಾಳೆ ಮತ್ತೆ ಗೋಡೆ ಎಂದು ಇಬ್ಬರಿಗೂ ಗೊತ್ತಿತ್ತು. ಆಲ್ವಿನ್ ಇನ್ನೊಂದು ಹಾಡು ಎತ್ತಿಕೊಂಡ. ಅದು ಮುಗಿಯಿತು. ಮತ್ತೊಂದು ಎತ್ತಿಕೊಂಡ.

ಅದರ ಕೊನೆಯ ಚರಣಕ್ಕೆ ಡೊಮಿನಿಕರು ಓಣಿ ಸುತ್ತಿ ಗೇಟಿಗೆ ಬಂದರು. ತಡವಾದದ್ದಕ್ಕೆ ಕಾರಣ ಗೊತ್ತಾಯಿತು. ಅಂಗಿ ಬದಲಿಸಿದ್ದರು, ಕೂದಲು ಬಾಚಿದ್ದರು. ನೆಟ್ಟಗೆ ನಡೆದು ಬಂದು, ಹೆಂಡತಿಯ ಕೈಯಿಂದ ಪ್ರತಿಮೆ ತೆಗೆದುಕೊಂಡು, ಜೇಮ್ಸನ ಎದುರು ನಿಂತರು. ಮೂಗಿನ ಹತ್ತಿರವೇ ಮೈಕ್ ಇತ್ತು. ಅವರ ಎದೆ ಉಬ್ಬಿತು. ವಾಡೆಯ ಜನ ಉಸಿರು ಬಿಗಿಹಿಡಿದರು. ಡೊಮಿನಿಕರು ಒಮ್ಮೆ ವೆರೊನಿಕಾಳನ್ನು ನೋಡಿದರು. ಅವಳು ಕೈ ಒತ್ತಿಕೊಳ್ಳುತ್ತ ನಿಂತಿದ್ದಳು.

"ತಕೋ ಜೇಮ್ಸ್," ಎಂದರು. ಅಷ್ಟೇ.

"ಬನ್ನಿ, ಕಡಲೆ ಬಿಸಿ ಉಂಟು," ಎಂದ ಜೇಮ್ಸ್.

ಆ ರಾತ್ರಿಯಿಂದ ವಾರವಿಡೀ ಡೊಮಿನಿಕರು ಮನೆಯಲ್ಲಿ ಮಾತಾಡಲಿಲ್ಲ. ಶಿಬಿರದಲ್ಲಿ ಎಷ್ಟು ಯತ್ನಿಸಿದರೂ ಬಾರದಿದ್ದ ಮೌನ ತಾನಾಗಿ ಬಂತು. ವೆರೊನಿಕಾ ಆ ವಾರವನ್ನು ಚೆನ್ನಾಗಿಯೇ ಕಳೆದಳು, ಓಣಿ ಸುತ್ತಿ, ಎಲ್ಲರ ಜಗಲಿಯ ಮುಂದೆ ತಲೆಯೆತ್ತಿ ನಡೆದು ಹೋಗಿ. ಎಂಟನೆಯ ದಿನ ಯಮನೂರ ಸುತ್ತಿಗೆ ಹಿಡಿದು ಬಂದ. ಡೊಮಿನಿಕರೇ ಕರೆಸಿದ್ದು. ಸೂಪರ್‌ವೈಸರ್ ಕೆಲಸವನ್ನೂ ಅವರೇ ಮಾಡಿದರು.

"ಅಲ್ರೀ ಸಾಹೇಬ್ರ," ಎಂದ ಯಮನೂರ, "ಮುಚ್ಚಾಕೂ ನನ್ನs ಕರೀತೀರಿ, ತೆಗ್ಯಾಕೂ ನನ್ನs ಕರೀತೀರಿ. ಮುಂದ ಮತ್ತ ಮುಚ್ಚೂದಿದ್ರ ಈಗs ಹೇಳ್ರಿ, ಕಲ್ಲು ಇಲ್ಲೇ ಇಟ್ ಹೋಕ್ಕೀನಿ."

"ಒಂದೂ ಇಡಬೇಡಪ್ಪ, ಎಲ್ಲ ತೆಗೊಂಡು ಹೋಗು," ಎಂದಿತು ಅಡುಗೆಮನೆ.

ಮಣಿಪಾಲದಲ್ಲಿ ಮುಂದಿನ ಶಿಬಿರಕ್ಕೆ ಡೊಮಿನಿಕರನ್ನು ಅನುಭವ ಹೇಳಲು ಕರೆದರು. ಆತ್ಮಾವಲೋಕನದ ಬಲದಿಂದ ತಾನು ಒಂದು ಗೋಡೆಯನ್ನೇ ಒಡೆದೆ ಎಂದು ಅವರು ಹೇಳಿದಾಗ ಶೈಲಶ್ರೀ ಮೇಡಂ ಕಣ್ಣು ಒರೆಸಿಕೊಂಡರಂತೆ. ವೆರೊನಿಕಾ ಇದನ್ನು ಕೇಳಿ, "ಹೌದಾ," ಎಂದು ಸಿಗಡಿಯ ತಟ್ಟೆ ಎತ್ತಿಕೊಂಡು ಕಂಡಿ ದಾಟಿದಳು. ಡೊಮಿನಿಕರು ಈಗಲೂ ಬೆಳಿಗ್ಗೆ ನೀಲಿ ಕುರ್ಚಿಯಲ್ಲಿ ಕೂರುತ್ತಾರೆ. ಉಸಿರು ಮೊದಲಿನಷ್ಟು ಉದ್ದ ಇಲ್ಲ. ಯಾರನ್ನು ಕ್ಷಮಿಸುತ್ತಾರೋ, ಯಾರಲ್ಲಿ ಕ್ಷಮೆ ಕೇಳುತ್ತಾರೋ, ಅವರ ಶಾಂತಿ ಅವರದು.

ಈ ಜನವರಿಯ ವಾಡೆಯ ದಿನಕ್ಕೂ ವಂದನಾರ್ಪಣೆ ಡೊಮಿನಿಕರದೇ ಆಯಿತು. ಆಲ್ವಿನ್ ನಿಜಕ್ಕೂ ಪಾಪದ ಮನುಷ್ಯ. ಅವರು ಬಹರೈನನ್ನು ಮುಗಿಸಿ, ಒಳಗಿನ ಶಾಂತಿಗೆ ಬಂದು, "ಕೊನೆಯದಾಗಿ" ಎಂದರು. ಇನ್ನೊಂದು ವಿಷಯ ನೆನಪಾಗಿ ಮುಂದುವರಿಸಿ, ಎರಡನೆಯ ಸಲ "ಕೊನೆಯದಾಗಿ" ಎಂದರು. ಎನ್ನುವಾಗ ಕಣ್ಣು ತಾನಾಗಿ ಸಾನ್ನದ ಪಾತ್ರೆಯ ಕಡೆಗೆ ಹೋಯಿತು. ಪಾತ್ರೆಯ ಆಚೆ ಬದಿಗೆ ಲೊರ್ನಾ, ಈಚೆ ಬದಿಗೆ, ಸ್ವಿಚ್‌ಬೋರ್ಡಿನ ಪಕ್ಕದಲ್ಲಿ, ವೆರೊನಿಕಾ ಕುಳಿತಿದ್ದಳು. ಕೈ ಮಡಿಲಲ್ಲೇ ಇತ್ತು.

"ಎಲ್ಲರಿಗೂ ವಂದನೆಗಳು," ಎಂದು ಡೊಮಿನಿಕರು ಕೆಳಗಿಳಿದರು. ಸಾನ್ನ ಇನ್ನೂ ಹಬೆಯಾಡುತ್ತಿತ್ತು.